ಅಜ್ಜಿ ವಾಪಸ್ ತೆಗೆದುಕೊಂಡ ಮಾತು

ಮೊನ್ನೆ ಹೊಸದುರ್ಗದಲ್ಲಿ ಮಗಳು ತನ್ನ ಮೊಮ್ಮಗನಿಗೆ ಬಜೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ಕುಳಿತಲ್ಲಿ ಕೂರಲಾಗಲಿಲ್ಲ. ನಮ್ಮೂರ ಸೂಲಗಿತ್ತಿ ಅಜ್ಜಿಯ ಸೆರಗಿನ ಗಂಟಿನಲ್ಲಿ ಸದಾ ಒಂದು ಬಜೆ ಬೇರು ಇರುತ್ತಿತ್ತು...

ಈ ಮಗಳ ಹೆರಿಗೆ ಮಾಡಿಸಿದವಳೂ ಅವಳೇ. ಕೂಸಿನ ಕೊರಳಲ್ಲಿ ಹುಟ್ಟುವಾಗಲೇ ಹುಣಸೆಬೀಜದಷ್ಟು ಗಂಟಿತ್ತು. "ದೇವ್ರು ಒತ್ತಿದ ಗುರುತು ಕಣವ್ವ, ಕಬ್ಬಿಣ ಸೋಕಿಸಬ್ಯಾಡ" ಎಂದಿದ್ದಳು. ನನ್ನ ಹೆಂಡತಿ ದಿನವೂ ಅದಕ್ಕೆ ದೇವರ ಅರಿಸಿನ, ಭಂಡಾರ ಹಚ್ಚುತ್ತಿದ್ದಳು.

ಎಪ್ಪತ್ತರ ದಶಕ. ಶಾಲೆಗೆ ಹೋಗುವ ವಯಸ್ಸಿಗೆ ಮಗಳಿಗೆ ಮೂತ್ರಪಿಂಡದ ಕಾಯಿಲೆ ಬಂದು ಮೈಯೆಲ್ಲ ನೀರು ತುಂಬಿತು. ದುರ್ಗದ ಜಿಲ್ಲಾ ಆಸ್ಪತ್ರೆಯ ಡಾಕ್ಟರು ಸ್ಟೀರಾಯ್ಡ್ ಗುಳಿಗೆ ಕೊಟ್ಟರು. ಊತವೇನೋ ಇಳಿಯಿತು, ಗುಳಿಗೆಗೆ ಕೆನ್ನೆ ಉಬ್ಬಿತು. "ಏನಪ್ಪ, ಮಾರೋ ಕೊಬ್ಬರಿನೆಲ್ಲ ಮಗಳಿಗೇ ತಿನ್ನಿಸ್ತೀಯೇನು?" ಎಂದು ನಾನು ಕೊಬ್ಬರಿ ಮಾರುತ್ತಿದ್ದ ಮಂಡಿಯವರು ನಗುತ್ತಿದ್ದರು. ಅಷ್ಟರಲ್ಲಿ ಕೊರಳ ಗಂಟು ನಿಂಬೆಹಣ್ಣಿನಷ್ಟಾಗಿ ಕೆಂಪೇರಿತು. ಮೈ ಬಿಸಿಯಿಲ್ಲವಲ್ಲ ಎಂದು ನಾವು ಸುಮ್ಮನಿದ್ದೆವು. ಆ ಗುಳಿಗೆ ನುಂಗುವ ಮಕ್ಕಳಿದ್ದವರು ಕೇಳಿ: ಅದು ಜ್ವರವನ್ನೇ ಅಡಗಿಸಿಡುತ್ತದೆ. ಎಲ್ಲಾದರೂ ಕೆಂಪು ಊತ ಕಂಡ ದಿನವೇ ಆಸ್ಪತ್ರೆಯ ಬಸ್ಸು ಹತ್ತಿ.

"ಹುಟ್ಟಿನಿಂದ ಇದ್ದ ನೀರುಗಂಟು, ಈಗ ಕೀವಾಗಿದೆ. ಕೊಯ್ಯದಿದ್ದರೆ ನಂಜು ರಕ್ತಕ್ಕಿಳಿದು ಮಗು ಉಳಿಯಲ್ಲ" ಎಂದರು ಡಾಕ್ಟರು, ಕೊನೆಗೂ ನಾವು ದುರ್ಗಕ್ಕೆ ಒಯ್ದಾಗ. ಹೆಂಡತಿ ಮಂಚಕ್ಕೆ ಅಡ್ಡ ನಿಂತಳು. "ಅಜ್ಜಿ ಬಂದು ಹೇಳ್ಲಿ, ಆಮೇಲೆ ನೋಡಾಣ." ಮಂಡಿಯಲ್ಲಿ ಎಂಥವರನ್ನೂ ಮಾತಿನಲ್ಲಿ ಮಣಿಸುತ್ತಿದ್ದ ನನಗೆ ಅವಳನ್ನು ಜಗ್ಗಿಸಲಾಗಲಿಲ್ಲ.

ಊರಿಗೆ ಓಡಿ ಅಜ್ಜಿಯನ್ನು ಬಸ್ಸಿಗೆ ಹತ್ತಿಸಿದೆ. ಹೊಳಲ್ಕೆರೆಯಲ್ಲಿ ಬಸ್ಸು ನಿಂತೇ ಇತ್ತು. ನಾನು ಹತ್ತಿ ಇಳಿದು, ಇಳಿದು ಹತ್ತಿ... "ದೇವ್ರು ಕನಸಲ್ಲಿ ಬಂದು ಒಪ್ಪಿಗೆ ಕೊಟ್ಟ ಅಂದ್ಬಿಡಜ್ಜಿ" ಎಂದು ಹೇಳಿಕೊಟ್ಟೆ.

"ಸುಮ್ನೆ ಕುಂತ್ಕಳಲೇ. ಇದು ಕೊಬ್ಬರಿ ವ್ಯಾಪಾರ ಅಲ್ಲ."

ಆಸ್ಪತ್ರೆಯಲ್ಲಿ ಮಗು ನೋಡಲು ಬಂದ ನಮ್ಮೂರ ಹೆಂಗಸರು ಮಂಚ ಸುತ್ತಿ ನಿಂತಿದ್ದರು. ಅಜ್ಜಿ ಮಗುವಿನ ಕೊರಳು ಮುಟ್ಟಿ ನೋಡಿದಳು. "ನಂಗ್ಯಾವ ದೇವ್ರೂ ಹೇಳಿರ್ಲಿಲ್ಲ ಕಣವ್ವ. ಹಸಿ ಬಾಣಂತಿ, ನೀನು ಹೆದರಬಾರ್ದು ಅಂತ ನಾನೇ ಅಂದಿದ್ದೆ. ಕೊಯ್ಸು."

ಹೆಂಡತಿ ಪಕ್ಕಕ್ಕೆ ಸರಿದಳು. ಮಗಳು ಉಳಿದಳು.

ಅಜ್ಜಿಯ ಮಾತು ಮಾತ್ರ ಅವಳಿಗಿಂತ ಮೊದಲೇ ಊರು ಸೇರಿತ್ತು. ದೇವರ ಹೆಸರಲ್ಲಿ ಸುಳ್ಳಾಡಿದವಳೆಂದು ಹೆರಿಗೆಗೆ ಕರೆಯುವುದನ್ನೇ ಬಿಟ್ಟರು. ಮನೆಮನೆಗೆ ಹೋಗಿ ವಾದಿಸಿದೆ, ಒಬ್ಬರೂ ಬಗ್ಗಲಿಲ್ಲ. ಕೊನೆಯವರೆಗೂ ಆ ಬಜೆ ಗಂಟು ಅವಳ ಸೆರಗಿನಲ್ಲೇ ಇತ್ತು...

"ಅಪ್ಪ, ಕೂಸಿನ ಬೆನ್ನ ಮ್ಯಾಲೆ ಇದೇನೋ ಗಂಟು ಐತೆ, ನೋಡು ಬಾ" ಎಂದು ಮಗಳು ಮೊನ್ನೆ ಕರೆದಳು. ಬಗ್ಗಿದಾಗ ಅವಳ ಕೊರಳಿನ ಕಲೆ ಕಂಡಿತು. "ಇವತ್ತೇ ಡಾಕ್ಟರಿಗೆ ತೋರ್ಸು" ಎಂದೆ. ಅಷ್ಟು ಹೇಳಲು ನಾನಿದ್ದೇನೆ. ಹೆದರಬೇಡ ಎನ್ನಲು ಅಜ್ಜಿ ಇಲ್ಲ.