ಹಸಿರು ಬಟ್ಟೆಯ ತುರ್ಕರು

ಸುಹಾಸಿನಿಗೆ ಸಿಟ್ಟು ಹೊಸದಲ್ಲ. ಮಾನಸಗಂಗೋತ್ರಿಯಲ್ಲಿ ಇತಿಹಾಸದ ಎಂ.ಎ. ಓದುವಾಗಲೇ ಮೇಷ್ಟ್ರೊಬ್ಬರು, ಈ ಹುಡುಗಿ ನಗುವುದನ್ನು ನೋಡಬೇಕಾದರೆ ನಾನು ಇನ್ನೊಂದು ಜನ್ಮ ಎತ್ತಬೇಕು ಎಂದಿದ್ದರು. ಮದುವೆಯಾಗಿ ಮಿಶಿಗನ್‌ಗೆ ಬಂದ ಮೇಲೆ ಸಿಟ್ಟಿಗೆ ಕಾರಣಗಳು ಹೆಚ್ಚಿದವೇ ಹೊರತು ಇಳಿಯಲಿಲ್ಲ. ಗಂಡ ಕೇಶವ್‌ಗೆ ಡಿಯರ್‌ಬಾರ್ನ್‌ನಲ್ಲಿ ಕಾರಿನ ಬ್ರೇಕುಗಳ ಎಂಜಿನಿಯರ್ ಕೆಲಸ. ಇವಳ ಎಂ.ಎ.ಯನ್ನು ಇಲ್ಲಿ ಕೇಳುವವರಿರಲಿಲ್ಲ. ದಿನಸಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಕಟ್ಟಿದಳು, ರಜೆ ಹಾಕಿದ ಮೇಷ್ಟ್ರುಗಳ ಜಾಗ ತುಂಬಲು ಊರೂರಿನ ಶಾಲೆಗೆ ಹಿಮದಲ್ಲಿ ಡ್ರೈವ್ ಮಾಡಿದಳು, ಮತ್ತೆ ಪರೀಕ್ಷೆ ಕಟ್ಟಿ ಕಡೆಗೊಂದು ಹೈಸ್ಕೂಲಿನಲ್ಲಿ ಪ್ರಪಂಚದ ಇತಿಹಾಸ ಕಲಿಸುವ ಕೆಲಸ ಹಿಡಿದಳು. ಅಲ್ಲಿ ಬೆಲ್ಲು ಹೊಡೆದರೆ ಸಾಮ್ರಾಜ್ಯ ಬೀಳಲೇಬೇಕು. ಸೋಮವಾರ ರೋಮು, ಬುಧವಾರ ಚೀನಾ, ಶುಕ್ರವಾರ ಟೆಸ್ಟು.

ಹಾಗಾಗಿ ಆಕೆಯ ಜೀವ ಇದ್ದದ್ದು ಭಾನುವಾರದ ಕ್ಲಾಸಿನಲ್ಲಿ. ನೋವೈ ಊರಿನ ಕನ್ನಡ ಕೂಟವನ್ನು ಕಾಡಿ ಬೇಡಿ, ಕೂಟ ಬಾಡಿಗೆಗೆ ಹಿಡಿದ ಹಾಲ್‌ನ ಪಕ್ಕದ ಕೋಣೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವ ಕ್ಲಾಸು ಶುರುಮಾಡಿದ್ದಳು. ಅಲ್ಲಿ ಬೆಲ್ಲಿಲ್ಲ, ಟೆಸ್ಟಿಲ್ಲ. ಆಕೆ ಕನ್ನಡದಲ್ಲಿ ಹೇಳುತ್ತಾಳೆ, ಮಕ್ಕಳು ಇಂಗ್ಲಿಷಿನಲ್ಲಿ ಕೇಳುತ್ತವೆ. ಮೂರನೇ ಪಾಣಿಪತ್ ಯುದ್ಧ ಮುಗಿಯಲು ಒಂದು ಚಳಿಗಾಲವೇ ಹಿಡಿದರೂ ಯಾರೂ ಗಡಿಯಾರ ನೋಡುವುದಿಲ್ಲ. ತನ್ನ ಸ್ವಂತ ಮಗಳು ಕಾಲೇಜಿಗೆಂದು ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ ಆ ಕೋಣೆಯ ಮಕ್ಕಳಿಂದಲೇ ಆಕೆಯ ವಾರಕ್ಕೊಂದು ಅರ್ಥ.

ಕೋಣೆಯ ಬೀಗ ಕೂಟದ ಅಧ್ಯಕ್ಷ ರವಿಶಂಕರನ ಕೈಯಲ್ಲಿತ್ತು. ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಕೆರೆಯಂಚಿಗೆ ದೊಡ್ಡ ಮನೆ, ಅದಕ್ಕಿಂತ ದೊಡ್ಡ ದನಿ. ಕೆಟ್ಟ ಮನುಷ್ಯ ಅನ್ನಲಾಗದು. ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವ ಕಾರು ಅವನದೇ. ಒಳ್ಳೆಯವರು ಮಾಡುವ ಕೆಟ್ಟ ಕೆಲಸಕ್ಕೇ ಸುಹಾಸಿನಿಗೆ ಹೆಚ್ಚು ಸಿಟ್ಟು.

ಫೆಬ್ರವರಿಯ ಒಂದು ಭಾನುವಾರ ರವಿಶಂಕರ ಫೋನು ಎತ್ತಿ ಹಿಡಿದುಕೊಂಡೇ ಕ್ಲಾಸಿಗೆ ನುಗ್ಗಿದ.

"ಮೇಡಂ, ಈ ಗ್ರೀಕ್‌ನವರ ಸ್ವಾತಂತ್ರ್ಯ ಹೋರಾಟದ ವಿಡಿಯೋ ನೋಡಿದೀರಾ? ನಾನೂರು ವರ್ಷ ತುರ್ಕರ ಕೈಕೆಳಗಿದ್ದು ಕಡೆಗೆ ಎದ್ದು ಓಡಿಸ್ಬಿಟ್ರು ನೋಡಿ! ಯುಗಾದಿ ಫಂಕ್ಷನ್ನಿಗೆ ಮಕ್ಕಳ ಕೈಲಿ ಇದೇ ಸ್ಕಿಟ್ ಮಾಡ್ಸಿ. ಮಾರ್ಚ್ ಇಪ್ಪತ್ತೈದು ಅವರ ಸ್ವಾತಂತ್ರ್ಯ ದಿನ. ನಮ್ಮ ಯುಗಾದೀನೂ ಆಸುಪಾಸು. ಹೇಗಿದೆ ಕಾಂಬಿನೇಶನ್ನು?"

ಸುಹಾಸಿನಿ ಖುಷಿಯಾದಳು. ನಿಜವಾಗಿ ಖುಷಿಯಾದಳು. ಆ ಕಥೆ ಆಕೆಗೆ ಹತ್ತಿರದ್ದು. ಶಾಲೆಯಲ್ಲಿ ಪಕ್ಕದ ಕೋಣೆಯ ಕೆಮಿಸ್ಟ್ರಿ ಟೀಚರ್ ಸ್ಟಾವ್ರೂಲಾ, ಎಲ್ಲರ ಬಾಯಲ್ಲಿ ವೂಲಾ, ಶಿಕಾಗೋದ ಗ್ರೀಕ್ ಮನೆಯ ಮಗಳು. ಒಂದು ವರ್ಷ ಅಲ್ಲಿನ ಹಾಲ್‌ಸ್ಟೆಡ್ ಬೀದಿಯ ಸ್ವಾತಂತ್ರ್ಯ ದಿನದ ಮೆರವಣಿಗೆಗೆ ಸುಹಾಸಿನಿಯನ್ನೂ ಕರೆದೊಯ್ದಿದ್ದಳು. ನೆರಿಗೆ ನೆರಿಗೆಯ ಬಿಳಿ ಲಂಗ ತೊಟ್ಟ ಗಂಡಸರು ನೆಟ್ಟಗೆ ನಡೆದದ್ದು, ವೂಲಾಳ ತಾಯಿ ಬೆಳ್ಳುಳ್ಳಿ ಅರೆದ ಗೊಜ್ಜಿನ ಜೊತೆ ಮೀನು ಕರಿದು ಬಡಿಸಿದ್ದು, ಸಸ್ಯಾಹಾರಿ ಸುಹಾಸಿನಿ ಗೊಜ್ಜನ್ನಷ್ಟೇ ಬ್ರೆಡ್ಡಿಗೆ ಹಚ್ಚಿಕೊಂಡು ತಟ್ಟೆ ಖಾಲಿ ಮಾಡಿದ್ದು, ಅಷ್ಟೂ ಆಕೆಗೆ ನೆನಪಿತ್ತು.

ಮಕ್ಕಳಿಗೆ ಮೊದಲಿನಿಂದ ಹೇಳಿದಳು. ಒಡೆಸ್ಸಾ ಎಂಬ ಪರದೇಶದ ಬಂದರಿನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಗ್ರೀಕರು ಗುಟ್ಟಾಗಿ ಒಂದು ಗೆಳೆಯರ ಸಂಘ ಕಟ್ಟಿದರು, ಕಿಡಿ ಬಿದ್ದದ್ದು ಅಲ್ಲಿ ಎಂದಾಗ ಬಾಗಿಲಲ್ಲಿ ನಿಂತಿದ್ದ ರವಿಶಂಕರ ಚಪ್ಪಾಳೆ ತಟ್ಟಿದ. "ಎನ್ಆರ್‌ಐಗಳು! ಅದೂ ಒಂದು ಕೂಟವೇ ಅಲ್ವಾ ಮೇಡಂ!"

"ಹೌದು. ಆದ್ರೆ ಕೂಟದವ್ರು ಒಡೆಸ್ಸಾದಲ್ಲಿ ಬೆಚ್ಚಗಿದ್ರು. ಕತ್ತು ಕೊಟ್ಟೋರು ಊರಲ್ಲಿದ್ದೋರು."

ಅವನಿಗೆ ಅದು ಕೇಳಿಸಲಿಲ್ಲ. ಅವನಂಥವರಿಗೆ ವಾಕ್ಯದ ಮೊದಲರ್ಧ ಮಾತ್ರ ಕೇಳಿಸುತ್ತದೆ.

ಆಕೆ ಯಾವುದನ್ನೂ ಬಿಡಲಿಲ್ಲ. ೧೮೨೧ರಲ್ಲಿ ದಂಗೆ ಎದ್ದೊಡನೆ ಸುಲ್ತಾನನ ಕಡೆಯವರು ಗ್ರೀಕರ ಮುದಿ ಧರ್ಮಗುರುವನ್ನು ಈಸ್ಟರ್ ಹಬ್ಬದ ದಿನವೇ ಅವನ ಪೀಠದ ಬಾಗಿಲಿಗೆ ನೇಣು ಹಾಕಿದ್ದನ್ನು ಹೇಳಿದಳು. ಮರುವರ್ಷ ಕಿಯೋಸ್ ದ್ವೀಪದಲ್ಲಿ ಸಾವಿರ ಸಾವಿರ ಜನರನ್ನು ಕೊಂದು, ಉಳಿದವರನ್ನು ಗುಲಾಮರ ಸಂತೆಯಲ್ಲಿ ಮಾರಿದ್ದನ್ನೂ ಹೇಳಿದಳು. ಆಮೇಲೆ ಮತ್ತೆ ೧೮೨೧ಕ್ಕೇ ಮರಳಿ ಟ್ರಿಪೊಲಿಟ್ಸಾ. ತುರ್ಕರ ಆಡಳಿತದ ಕೋಟೆಯೂರು. ಗ್ರೀಕ್ ಹೋರಾಟಗಾರರು ಮುತ್ತಿಗೆ ಹಾಕಿ ಗೆದ್ದರು. ಗೆದ್ದ ಮೇಲೆ ಒಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ, ಹೆಂಗಸರು ಮಕ್ಕಳು ಎನ್ನದೆ, ಕೊಚ್ಚಿದರು.

ದಿಯಾ ಕೈ ಎತ್ತಿದಳು. ಹದಿನೈದರ ಹುಡುಗಿ. ಹಡಗುಗಳನ್ನು ನಡೆಸಿದ ವಿಧವೆ ಬುಬುಲಿನಾಳ ಪಾತ್ರ ಅವಳದು. "ವೇಟ್, ಆಂಟಿ. ಸೋ ಆರ್ ದೇ ದ ಗುಡ್ ಗೈಸ್ ಆರ್ ನಾಟ್?"

"ಸ್ವಾತಂತ್ರ್ಯ ಕೇಳಿದ್ದು ಸರೀನೇ ಪುಟ್ಟ. ಅಲ್ಲಿ ಮಾಡಿದ್ದು ತಪ್ಪು. ಎರಡನ್ನೂ ಒಟ್ಟಿಗೇ ಹಿಡ್ಕೊಳ್ಳೋದು ಕಲ್ತ್ಕೋ. ನಿನ್ನ ಬುಬುಲಿನಾ ಇದಾಳಲ್ಲ, ಆ ಊರಲ್ಲಿ ತುರ್ಕರ ಅಧಿಕಾರಿ ಪಾಷಾನ ಮನೆ ಹೆಂಗಸರಿಗೆ ಅಡ್ಡ ನಿಂತು ಉಳಿಸಿದ್ಲು ಅಂತ ಹೇಳ್ತಾರೆ."

"ದಟ್ಸ್ ಮೈ ಸೀನ್," ಅಂದಳು ದಿಯಾ. ಹೀಗೆ ಆ ದೃಶ್ಯ ನಾಟಕಕ್ಕೆ ಬಂತು.

ಉಡುಪಿನ ಜವಾಬ್ದಾರಿ ದಿಯಾಳ ತಾಯಿ ಜಯಾಳದು. ಭರತನಾಟ್ಯದ ನೆರಿಗೆಗಳು ಗ್ರೀಕರ ಲಂಗವಾದವು, ನೋಡಲು ಚೆನ್ನಾಗಿಯೇ ಇತ್ತು. ಇನ್ನೊಂದು ಚೀಲದಿಂದ ಥಾನುಗಟ್ಟಲೆ ಹಸಿರು ಬಟ್ಟೆ, ಬಿಳಿಯ ಹೆಣೆದ ಟೋಪಿಗಳು ಹೊರಬಂದವು.

"ಇದ್ಯಾರಿಗೆ?"

"ತುರ್ಕರಿಗೆ," ಅಂದಳು ಜಯಾ. "ರವಿಶಂಕರ್ ತರ್ಸಿದ್ದು."

ಸುಹಾಸಿನಿ ರವಿಶಂಕರನತ್ತ ತಿರುಗಿದಳು. "ತುರ್ಕ ಸೈನಿಕರು ಎಲ್ರೀ ಈ ಥರ ಇದ್ರು? ಕೆಂಪು, ನೀಲಿ, ಜರಿ, ಬಣ್ಣಬಣ್ಣದ ರುಮಾಲು. ಹಸಿರೇ ಯಾಕೆ?"

"ನೋಡಿದ ತಕ್ಷಣ ಜನಕ್ಕೆ ಗೊತ್ತಾಗ್ಬೇಕಲ್ಲ ಮೇಡಂ."

"ಏನು ಗೊತ್ತಾಗ್ಬೇಕು?"

ರವಿಶಂಕರ ನಕ್ಕ. ನಿಮಗೆ ಗೊತ್ತಿಲ್ವಾ ಎಂಬ ನಗು. ಜಯಾ ಕೂಡ ಕತ್ತರಿಯ ಕಡೆ ನೋಡಿಕೊಂಡು ನಕ್ಕಳು. ಸುಹಾಸಿನಿಗೆ ಆ ಕ್ಷಣ ಸ್ಪಷ್ಟವಾಯಿತು. ಇವರಿಗೆ ಗ್ರೀಸ್ ಬೇಡ. ಕಿಯೋಸ್‌ನ ಹೆಣಗಳೂ ಬೇಡ. ಅಲ್ಲಿನ ಸುಲ್ತಾನನಿಗೆ ತಮ್ಮೂರಿನ ಪಕ್ಕದ ಬೀದಿಯವನ ಟೋಪಿ ತೊಡಿಸಬೇಕು, ವೇದಿಕೆಯ ಮೇಲೆ ಮಕ್ಕಳ ಕೈಯಲ್ಲಿ ಅವನನ್ನು ಹೊಡೆಸಬೇಕು, ಹೊಡೆಸಿ ಹೋಳಿಗೆ ತಿನ್ನಬೇಕು. ದಿನಾ ಡಿಯರ್‌ಬಾರ್ನ್‌ನಲ್ಲಿ ಅರಬ್ಬರ ಬೇಕರಿಯ ಮುಂದೆ ಕಾರು ನಿಲ್ಲಿಸಿ ಬಿಸಿ ರೊಟ್ಟಿ ಕೊಳ್ಳುವ ಜನವೇ ಇದು!

ಎರಡು ದಿನ ಬಿಟ್ಟು ರವಿಶಂಕರನ ಫೋನು ಬಂತು. ನಾಟಕ ಓದಿದ್ದ.

"ಸೂಪರ್ ಆಗಿದೆ ಮೇಡಂ. ಆ ಟ್ರಿಪೊಲಿಟ್ಸಾ ಸೀನ್ ಒಂದು ತೆಗ್ದುಬಿಡಿ."

"ಯಾಕೆ?"

"ಹಬ್ಬದ ದಿನ ಹೆಂಗಸರು ಮಕ್ಕಳ ಕೊಲೆ ಯಾಕೆ?"

"ಕಿಯೋಸ್ ಸೀನಲ್ಲೂ ಹೆಂಗಸರು ಮಕ್ಕಳ ಕೊಲೇನೇ ಇದೆ. ಅದು ಇರ್ಲಾ?"

"ಅದು ಬೇರೆ."

"ಹೇಗೆ ಬೇರೆ ಹೇಳಿ. ಹೇಳಿ ರವಿಶಂಕರ್, ನನಗೂ ಕಲಿಯೋ ಆಸೆ ಇದೆ."

"ವಾದ ಬೇಡ. ಗ್ರೀಕ್ ಜನಕ್ಕೂ ಬೇಜಾರಾಗತ್ತೆ. ನಿಮ್ಮ ಫ್ರೆಂಡ್ ಗೆಸ್ಟಾಗಿ ಬರ್ತಿದಾರಲ್ಲ, ಅವರನ್ನೇ ಕೇಳಿ." ಸ್ವಲ್ಪ ತಡೆದು ಸೇರಿಸಿದ: "ಭಾನುವಾರದ ಕ್ಲಾಸು ಚೆನ್ನಾಗಿ ನಡೀತಿದೆ. ಹಾಗೇ ನಡೀಲಿ ಅಂತ ನಮಗೂ ಇದೆ."

ಬೆದರಿಕೆಗೆ ಬೆಲ್ಲ ಸವರುವ ಕಲೆ ನಮ್ಮವರಿಗೆ ಯಾರೂ ಕಲಿಸಬೇಕಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ ಸುಹಾಸಿನಿ ವೂಲಾಳಿಗೆ ಎಲ್ಲ ಹೇಳಿದಳು. ವೂಲಾ ತನ್ನನ್ನು ತಬ್ಬಿಕೊಂಡಾಳು ಎಂದು ಎಣಿಸಿದ್ದಳೋ ಏನೋ. ವೂಲಾಳ ಮುಖ ಕೆಂಪಾಯಿತು.

"ಆ ಕೊಲೆ ತೋರಿಸೋದು ನಮ್ಮ ದಿನದ ಹೆಸರಲ್ಲೇ ಆಗಬೇಕಾ? ನನ್ನಜ್ಜಿ ಟ್ರಿಪೊಲಿಟ್ಸಾದ ಬೆಟ್ಟದ ಕಡೆಯವಳು. ಅಲ್ಲಿ ಏನಾಯಿತು ಅಂತ ನಮಗೆ ಗೊತ್ತಿಲ್ಲ ಅಂದುಕೊಂಡೆಯಾ? ಅದನ್ನು ಹೇಳಬೇಕಾದವರು ನಾವು. ನೀನಲ್ಲ. ನಿನಗೆ ನಿಮ್ಮ ಜನರ ಜೊತೆ ಜಗಳವಿದ್ದರೆ ನಿಮ್ಮ ಹೆಣಗಳನ್ನು ತಗೊಂಡು ಜಗಳವಾಡು."

"ವೂಲಾ, ಅವರು ನಿನ್ನ ಗೆಲುವನ್ನ..."

"ಅವರೂ ಬೇಡ, ನೀನೂ ಬೇಡ. ನಾನು ಬರುವುದಿಲ್ಲ."

ಡಬ್ಬಿಯ ಮುಚ್ಚಳ ಹಾಕಿಕೊಂಡು ಎದ್ದು ಹೋದಳು.

ಮನೆಯ ತನಕ ಸುಹಾಸಿನಿ ಸ್ಟೀರಿಂಗನ್ನು ಹಿಂಡುತ್ತಲೇ ಡ್ರೈವ್ ಮಾಡಿದಳು. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ತಪ್ಪಿತು. ವೂಲಾಳ ಮಾತು ಮುಳ್ಳಿನ ಹಾಗೆ ನಾಟಿತ್ತು, ಏಕೆಂದರೆ ಅದರಲ್ಲಿ ಅರ್ಧ ನಿಜವಿತ್ತು. ರವಿಶಂಕರ ಗ್ರೀಕರನ್ನು ದೊಣ್ಣೆ ಮಾಡಿಕೊಂಡಿದ್ದ. ತಾನು ಅದೇ ದೊಣ್ಣೆಯ ಇನ್ನೊಂದು ತುದಿ ಹಿಡಿದಿದ್ದೇನೆಯೇ? ಕೇಶವ್, "ಬಿಟ್ಹಾಕೇ, ಅರ್ಧ ಹೇಳಿದ್ರೇನು ಗಂಟು ಹೋಗತ್ತೆ? ಕ್ಲಾಸಾದ್ರೂ ಉಳಿಯತ್ತೆ" ಎಂದ. ಸಾರಿಗೆ ಒಗ್ಗರಣೆ ಹಾಕುವಾಗ ಸುಹಾಸಿನಿಯ ಯೋಚನೆ ಒಂದು ಕಡೆ ನಿಂತಿತು: ಕೊಲೆ ಹೇಳುವ ಹಕ್ಕು ನಮಗಿಲ್ಲವಾದರೆ ಗೆಲುವು ಹೇಳುವ ಹಕ್ಕೂ ಇಲ್ಲ. ಹೇಳಿದರೆ ಪೂರಾ ಹೇಳಬೇಕು, ಇಲ್ಲವೇ ಬಾಯಿ ಮುಚ್ಚಿಕೊಂಡು ಒಬ್ಬಟ್ಟು ತಟ್ಟಬೇಕು. ನಾಟಕ ಈಗಾಗಲೇ ವೇದಿಕೆ ಹತ್ತಿ ನಿಂತಿದೆ. ಬಾಯಿ ಮುಚ್ಚುವ ಕಾಲ ಮೀರಿತು.

ಟ್ರಿಪೊಲಿಟ್ಸಾ ಸೀನನ್ನು ತೆಗೆಯಲಿಲ್ಲ; ಹಸಿರು ಬಟ್ಟೆಯನ್ನು ಮಾತ್ರ ಜಯಾಳಿಗೆ ವಾಪಸು ಕೊಟ್ಟಳು. ತುರ್ಕರಾಗುವ ಹುಡುಗರ ಮನೆಗಳಿಂದ ಹಳೆಯ ಜರಿ ಶಾಲುಗಳನ್ನು ತರಿಸಿದಳು.

ಯುಗಾದಿಯ ಶನಿವಾರ ಮಧ್ಯಾಹ್ನ ಹಾಲ್ ಜನರಿಂದ ತುಂಬಿತ್ತು. ಬೇವುಬೆಲ್ಲ ಹಂಚಿದರು, ಪಂಚಾಂಗ ಓದಿದರು, ಪುಟಾಣಿಗಳು ಕುಣಿದವು. ನಾಟಕ ಶುರುವಾಯಿತು. ಮೊದಲ ಸಾಲಿನಲ್ಲಿ ವೂಲಾಳಿಗೆಂದು ಇಟ್ಟ ಕುರ್ಚಿಯ ಮೇಲೆ ಯಾರದೋ ಕೋಟು ಕೂತಿತ್ತು. ಧರ್ಮಗುರುವಿನ ಸಾವಿಗೆ ಹೆಂಗಸರು ಲೊಚಗುಟ್ಟಿದರು, ಕಿಯೋಸ್‌ಗೆ ಕಣ್ಣೊರೆಸಿಕೊಂಡರು. ಕೋಟೆ ಬಿತ್ತು. ನೆರಿಗೆಯ ಹುಡುಗರು ಬಾವುಟ ಎತ್ತಿದರು. ಅಷ್ಟೇ, ಪರದೆ ಸರ್ರನೆ ಬಂದು ಮುಚ್ಚಿಕೊಂಡಿತು. ಸ್ಪೀಕರಿನಿಂದ ಜಯಘೋಷ ಹೊರಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆಯ ಹಿಂದೆ ದಿಯಾ, ಪಾಷಾನ ಮನೆಯ ಹೆಂಗಸರಾಗಿದ್ದ ಪುಟ್ಟ ಹುಡುಗಿಯರಿಗೆ ಅಡ್ಡವಾಗಿ ಕೈ ಚಾಚಿಕೊಂಡು ನಿಂತೇ ಇದ್ದಳು. ಹಗ್ಗದ ಬಳಿ ರವಿಶಂಕರ.

"ಆಂಟಿ, ವಿ ಆರ್ ನಾಟ್ ಡನ್!"

ಸುಹಾಸಿನಿ ಪರದೆ ಸರಿಸಿ ಮುಂದೆ ಬಂದಳು. ಮೈಕು ಹಿಡಿದೊಡನೆ ಯಾರೋ ಆಫ್ ಮಾಡಿದರು. ಮಾಡಲಿ. ಹೈಸ್ಕೂಲು ಪಳಗಿಸಿದ ಗಂಟಲು ಅದು.

"ಕೂತ್ಕೊಳಿ. ನಾಟಕ ಮುಗಿದಿಲ್ಲ. ಮುಂದಿನ ಸೀನ್ ನಿಮ್ಮಿಂದ ಮುಚ್ಚಿಟ್ರು, ನಾನು ಬಾಯಲ್ಲಿ ಹೇಳ್ತೀನಿ. ಗೆದ್ದೋರು ಆ ಊರೊಳಗೆ ಹೋಗಿ ಮನೆಮನೆ ಹುಡುಕಿ ಕೊಂದ್ರು. ಮುಸ್ಲಿಮರನ್ನ, ಯಹೂದಿಗಳನ್ನ, ಎಳೆ ಕೂಸುಗಳನ್ನ. ಈಗ ಕಿಯೋಸ್‌ಗೆ ಅತ್ರಲ್ಲ, ಅದೇ ಕಣ್ಣೀರು ಇವ್ರಿಗೂ ಬರ್ಬೇಕು. ಬರ್ಲಿಲ್ಲ ಅಂದ್ರೆ ಆಗ ಅತ್ತಿದ್ದೂ ಸುಳ್ಳು. ನಿಮಗೆ ಸ್ವಾತಂತ್ರ್ಯದ ಕಥೆ ಬೇಕಿರ್ಲಿಲ್ಲ. ಯಾರನ್ನ ದ್ವೇಷಿಸ್ಬೋದು ಅಂತ ಮಕ್ಕಳಿಗೆ ತೋರಿಸೋಕೆ ಒಂದು ನೆಪ ಬೇಕಿತ್ತು. ಅದಕ್ಕೆ ಪಾಪ ಗ್ರೀಕರ ಹಬ್ಬ ಕದ್ರಿ. ಅದ್ರಲ್ಲಿ ನನ್ನ ಪಾಲೂ ಇದೆ, ಅದಕ್ಕೇ ಹೇಳ್ತಿದೀನಿ."

ಯಾರೋ ಹಿಂದಿನಿಂದ, "ಮೇಡಂ, ಊಟ ಆರ್ತಿದೆ!" ಎಂದರು. ನಗೆ ಎದ್ದಿತು. ಊಟಕ್ಕೆ ಸಾಲು ನಿಂತಿತು.

ಸೋಮವಾರ ಶಾಲೆಯಲ್ಲಿ ವೂಲಾ ಎದುರಾದಳು. "ಹೇಳಿದೆಯಾ?"

"ಹೇಳಿದೆ."

"ಕಿಯೋಸ್ ಕೂಡ?"

"ಅದೂ."

ವೂಲಾ ತಲೆಯಾಡಿಸಿ ತನ್ನ ಕೋಣೆಗೆ ಹೋದಳು. ಮಧ್ಯಾಹ್ನ ಜೊತೆಗೆ ಊಟಕ್ಕೆ ಬರಲಿಲ್ಲ.

ಆ ಸಂಜೆ ಕೂಟದ ಫೋನಿನ ಗುಂಪಿನಲ್ಲಿ ಸಂದೇಶ ಬಂತು: ಇತಿಹಾಸ ತರಗತಿಯನ್ನು ಸದ್ಯಕ್ಕೆ ನಿಲ್ಲಿಸಲಾಗಿದೆ, ಆ ಸಮಯದಲ್ಲಿ ಕ್ವಿಜ್ ಇರುತ್ತದೆ. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ತಮ್ಮ ಮಕ್ಕಳನ್ನು ವರ್ಷಗಟ್ಟಲೆ ಅವಳ ಮುಂದೆ ಕೂರಿಸಿ ಕಾಫಿಗೆ ಹೋಗಿದ್ದ ತಂದೆ ತಾಯಿಯರಲ್ಲಿ ಒಬ್ಬರೂ ಯಾಕೆ ಎಂದು ಕೇಳಲಿಲ್ಲ. ಜಯಾ ಮಾತ್ರ ಫೋನು ಮಾಡಿದಳು.

"ಸುಹಾಸಿನಿ, ನೀವು ಹೇಳಿದ್ದೇನೋ ಸರಿ. ಆದ್ರೆ ಎಲ್ಲರ ಮುಂದೆ ಹೇಳ್ಬಾರ್ದಿತ್ತು ಕಣ್ರೀ."

"ಮತ್ಯಾರ ಮುಂದೆ ಹೇಳ್ಲಿ ಜಯಾ? ನಮ್ಮನೆ ಡಿಶ್‌ವಾಷರ್ ಮುಂದೇನಾ?"

ಭಾನುವಾರ ತನ್ನ ಭೂಪಟಗಳನ್ನು ತರಲು ಸುಹಾಸಿನಿ ಆ ಕೋಣೆಗೆ ಹೋದಳು. ರವಿಶಂಕರನೇ ಕ್ವಿಜ್ ನಡೆಸುತ್ತಿದ್ದ. ರಾಜಧಾನಿಗಳ ಹೆಸರು, ಒತ್ತಲು ಗುಂಡಿ, ಗೆದ್ದವರಿಗೆ ಚಾಕೊಲೇಟು. ಅವನು ಸೌಜನ್ಯದಿಂದಲೇ ಕುರ್ಚಿ ಎಳೆದುಕೊಟ್ಟ. ಆಕೆ ಕೂರಲಿಲ್ಲ. ಗೋಡೆಯಿಂದ ಭೂಪಟ ಬಿಡಿಸಿ, ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಬಾಗಿಲು ದಾಟುವಾಗ ದಿಯಾ ಎದ್ದು ಬಂದಳು.

"ಆಂಟಿ, ಬಟ್ ವಾಟ್ ಹ್ಯಾಪನ್ಡ್ ಆಫ್ಟರ್? ದೇ ವನ್, ರೈಟ್?"

ಸುಹಾಸಿನಿ ಕೋಟಿನ ಗುಂಡಿ ಹಾಕುವುದನ್ನು ನಿಲ್ಲಿಸಿದಳು.

"ಗೆದ್ರು. ಇಂಗ್ಲೆಂಡು, ಫ್ರಾನ್ಸು, ರಷ್ಯಾ ಹಡಗು ತಂದು ಗೆಲ್ಲಿಸಿದ್ವು. ಆಮೇಲೆ ಆ ಮೂವರೇ ಕೂತು, ಜರ್ಮನಿ ಕಡೆಯ ಬವೇರಿಯಾದ ಹದಿನೇಳು ವರ್ಷದ ರಾಜಕುಮಾರನ್ನ ತಂದು ಸಿಂಹಾಸನದ ಮೇಲೆ ಕೂರಿಸಿದ್ರು. ನಿನಗಿಂತ ಎರಡೇ ವರ್ಷ ದೊಡ್ಡೋನು, ಗ್ರೀಕನೂ ಅಲ್ಲ."

"ವಾಟ್?"

ಕ್ವಿಜ್ ಆಡುತ್ತಿದ್ದ ಹುಡುಗ ಕುನಾಲ್ ಗುಂಡಿ ಬಿಟ್ಟು ಎದ್ದು ಬಂದು ಬಾಗಿಲಿಗೊರಗಿದ. ಹಿಂದೆ ಇನ್ನೊಬ್ಬಳು.

"ಆ ಕೋಟೆ ಗೆದ್ದ ಸೇನಾನಿ ಇದ್ನಲ್ಲ, ಕೊಲೊಕೊಟ್ರೊನಿಸ್. ಅವನ ಮೇಲೆ ರಾಜದ್ರೋಹದ ಕೇಸು ಹಾಕಿದ್ರು. ಸುಲ್ತಾನ ಅಲ್ಲ ಹಾಕಿದ್ದು. ಅವನು ಪ್ರಾಣ ಒತ್ತೆ ಇಟ್ಟು ಗೆದ್ದ ದೇಶದ್ದೇ ಸರ್ಕಾರ. ಮರಣದಂಡನೆ ಅಂದ್ರು."

"ಸುಹಾಸಿನಿ ಅವ್ರೇ," ಒಳಗಿನಿಂದ ರವಿಶಂಕರನ ದನಿ, "ಕ್ವಿಜ್ ನಡೀತಿದೆ. ಟೈಮ್ ಆಯ್ತು."

"ಇನ್ನೂ ಆಗಿಲ್ಲ," ಎಂದಳು ಆಕೆ ಅವನತ್ತ ತಿರುಗದೆ. ಸುತ್ತಿದ್ದ ಗ್ರೀಸಿನ ಭೂಪಟವನ್ನು ಕಾರಿಡಾರಿನ ನೆಲದ ಮೇಲೆ ಬಿಚ್ಚಿ, ಮತ್ತೆ ಸುರುಳಿ ಸುತ್ತಿಕೊಳ್ಳದಂತೆ ಒಂದು ಮೂಲೆಗೆ ತನ್ನ ಬೂಟುಗಾಲನ್ನಿಟ್ಟಳು. "ಇಲ್ಲಿ ನೋಡಿ, ಈ ಊರಿನ ಗುಡ್ಡದ ಮೇಲಿನ ಕೋಟೆಯಲ್ಲಿ ಅವನನ್ನ ಸೆರೆ ಇಟ್ಟಿದ್ದು."