ಸಂಜೆಯ ಕರೆಂಟಿನಲ್ಲಿ ಲೂಸಿ ಅಕ್ಕ

ನಿನ್ನೆ ಸಂಜೆ ಬೆಳಗಾವಿ ಹತ್ತಿರದ ಮಚ್ಛೆಯ ನಮ್ಮ ಬಾಡಿಗೆ ಖೋಲಿಯಲ್ಲಿ ಟೇಪ್ ರೆಕಾರ್ಡರಿನ ಸೆಲ್ಲು ಇಳಿದವು. ಮದುವೆ ಮನೆಯಲ್ಲಿ ಕುಣಿಸುವಂಥ ಹಾಡೊಂದು ನೋಡನೋಡುತ್ತಲೇ ಮಂದವಾಗಿ, ಹಾಡುವವಳಿಗೆ ಜ್ವರ ಬಂದಂತಾಗಿ, ಕೊನೆಗೆ ಸತ್ತವರ ಮನೆಯ ಹಾಡಿನಂತೆ ಎಳೆಯತೊಡಗಿತು. ಜೊತೆಗಿರುವ ಮಾರುತಿ, "ಲೇ, ಸೆಲ್ ಬದ್ಲಿ ಮಾಡೋ, ತಲಿ ತಿರಗಾಕತ್ತೈತಿ" ಎಂದ. ನಾನು ಏಳಲಿಲ್ಲ. ನನಗೆ ನಮ್ಮೂರು ಖಾನಾಪುರದ ಬೇಕರಿಯೊಂದರ ಬಿಸಿ ಪಾವಿನ ವಾಸನೆ ಬಂದುಬಿಟ್ಟಿತ್ತು.

ನಿಮಗೆ ಮೊದಲೇ ಹೇಳಿಬಿಡುತ್ತೇನೆ, ನಾನು ನಕಲು ಮಾಡುವವನು. ಹೆಡ್‌ಮಾಸ್ತರರು ಮೂಗಿನಲ್ಲಿ ಮಾತಾಡುವುದು, ಹಂಚಿನ ಕಾರ್ಖಾನೆಯ ಮುಕಾದಮ ಬೈಯುವ ಮುನ್ನ ಗಂಟಲು ಸರಿಮಾಡಿಕೊಳ್ಳುವುದು, ನಮ್ಮವ್ವ ಲಿಂಗಪೂಜೆಗೆ ಕುಳಿತಲ್ಲಿಂದಲೇ ಸೊಸೆಯನ್ನು ಗದರುವುದು, ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನದೇ ಅನ್ನುವ ದನಿ ಮಾತ್ರ ಇರಲಿಲ್ಲ. ಸಂತೆಯಲ್ಲಿ ಕಳೆದುಹೋಗಿದ್ದರೆ ಯಾರ ದನಿಯಲ್ಲಿ ಕೂಗಬೇಕೆಂದು ತಿಳಿಯದೆ ಅಲ್ಲೇ ಉಳಿಯುತ್ತಿದ್ದೆ.

ಬೇಕರಿ ಪೀಟರ್ ಮಾಮಾನದು. ಗೋವೆಯ ಕಡೆಯ ಮನುಷ್ಯ; ನಾಲ್ಕು ಭಾಷೆ ಬರುತ್ತಿತ್ತು, ನಾಲ್ಕರಲ್ಲೂ ಬೈಗುಳ ಒಂದೇ. ಅವನ ಒಬ್ಬಳೇ ಮಗಳು ಲೂಸಿ ಅಕ್ಕ ಮೊದಲು ಚರ್ಚಿನಲ್ಲಿ ಹಾಡುತ್ತಿದ್ದಳು, ಆಮೇಲೆ ಬೆಳಗಾವಿಯ ಕ್ಯಾಂಪ್ ಬಡಾವಣೆಯ ಕ್ಲಬ್ಬೊಂದರಲ್ಲಿ ಬ್ಯಾಂಡಿನವರ ಜೊತೆ ಜಾಝ್ ಹಾಡತೊಡಗಿದಳು. ಮುಂಬೈಗೆ ಹೊರಟು ನಿಂತಾಗ ಮಾಮಾ, "ಹೋಗು. ಹೊಳ್ಳಿ ನನ್ನ ಹೊಸ್ತಲಾ ತುಳೀಬ್ಯಾಡ" ಎಂದ. ಹೋದಳು. ತುಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ನೆಂಟನೊಬ್ಬನ ಕೈಯಲ್ಲಿ ಅವಳ ಮೊದಲ ರೆಕಾರ್ಡು ಊರಿಗೆ ಬಂತು. ಹೊದಿಕೆಯ ಮೇಲೆ ಹೂವಿನ ಫ್ರಾಕು ತೊಟ್ಟು ಬಾಯ್ತುಂಬ ನಗುವ ಲೂಸಿ ಅಕ್ಕ. ಒಳಗಿದ್ದವೆಲ್ಲ ಹಳೆಯ ಇಂಗ್ಲಿಷ್ ಹಾಡುಗಳು, ಎಷ್ಟೋ ಮಂದಿ ಹಾಡಿ ಹೆಸರು ಮಾಡಿದಂಥವು.

"ಮಂದಿ ಹಾಡಿದ್ದನ್ನ ಹಾಡ್ಯಾಳ. ಅಂದ್ರ ಈಕಿನೂ ನನ್ನಂಗ ನಕಲಿನವಳ ಅಲ್ಲೇನ್ ಮಾಮಾ?" ಎಂದು ಕೆಣಕಿದೆ.

ಮಾಮಾ ಭಟ್ಟಿಯಿಂದ ಆಗಷ್ಟೇ ತೆಗೆದ ಪಾವನ್ನು ನನ್ನ ಬಾಯಿಗೆ ತುರುಕಿದ. "ಪಾವ್ ಏನ್ ನಾ ಕಂಡ್ಹಿಡದೇನೇನಲೇ ಮಂಗ್ಯಾ? ಊರ ತುಂಬ ಮಾಡ್ತಾರ. ಕಣ್ಣ ಮುಚ್ಚಿ ತಿನ್ನು, ಯಾರದಂತ ಹೇಳು!"

ಏನು ಹೇಳುವುದು, ಬಾಯಿ ಸುಟ್ಟಿತ್ತು. ಆದರೆ ಅದು ಅವನ ಪಾವೆಂದು ಯಾರಿಗಾದರೂ ತಿಳಿಯುತ್ತಿತ್ತು.

ಆ ಒಂದು ರೆಕಾರ್ಡಿಗಾಗಿಯೇ ಮಾಮಾ ಹಳೆಯ ಪ್ಲೇಯರೊಂದನ್ನು ಕೊಂಡು ತಂದ. ದಿನವೆಲ್ಲ ಭಟ್ಟಿಯ ಕೆಲಸ. ಸಂಜೆ ಪಾವು ಮಾರಿ ಮುಗಿಯುತ್ತ ಬಂದಾಗ ರೆಕಾರ್ಡು ಹಚ್ಚುತ್ತಿದ್ದ. ಎಂಥ ದನಿ ಅಂತೀರಿ! ಚರ್ಚಿನಲ್ಲಿ ಹಾಡುತ್ತಿದ್ದಾಗಿನದಲ್ಲ; ದಪ್ಪ, ಭಾರ, ಒಂದೊಂದು ಮಾತನ್ನೂ ಆಳದ ಬಾವಿಯಿಂದ ಸೇದಿದ ಹಾಗೆ. ಇಂಗ್ಲಿಷಿನ ಗಂಧವಿಲ್ಲದ ಗಿರಾಕಿಗಳೂ ಕಣ್ಣೊರೆಸಿಕೊಂಡರು. ಮಾಮಾ ಹೊದಿಕೆಯನ್ನೇ ನೋಡುತ್ತ, "ಫೋಟೋದಾಗ ನಗಾಕತ್ತಾಳ, ಹಾಡಿನ್ಯಾಗ ಅಳಾಕತ್ತಾಳ. ನಾ ಅಂದ ಮಾತು ಆಕಿ ಗಂಟಲದಾಗ ಕುಂತೈತಿ" ಎನ್ನುತ್ತಿದ್ದ.

ಕ್ರಿಸ್‌ಮಸ್ಸಿಗೆ ತಾನೇ ಹೋಗಿ ಕರೆತರುವುದೆಂದು ಹೊಸ ಅಂಗಿ ಹೊಲಿಸಿದ. ಅಷ್ಟರೊಳಗೆ ಲೂಸಿ ಅಕ್ಕ ಮುಂಬೈಯಲ್ಲಿ ಕಾಮಾಲೆಯಾಗಿ ತೀರಿಕೊಂಡಳು. ಅದೇ ಅಂಗಿ ತೊಟ್ಟು ಮಾಮಾ ಮಗಳ ಮಣ್ಣಿಗೆ ಹೋಗಿಬಂದ. ಆಮೇಲೂ ಸಂಜೆ ಸಂಜೆಗೂ ಅದೇ ರೆಕಾರ್ಡು.

ನಾನು ಮಚ್ಛೆಯ ಕಾರ್ಖಾನೆಗೆ ಸೇರಿದ ಮೇಲೆ, "ಸವದ ಹೋಗಾಕತ್ತೈತಿ, ಕೊಡ ಮಾಮಾ, ಬೆಳಗಾವ್ಯಾಗ ಟೇಪಿಗೆ ಇಳಿಸಿ ತರ್ತೀನಿ" ಎಂದೆ. ನನ್ನನ್ನು ನಂಬಿ ಕೊಡುವವನೇ? ಎದೆಗವಚಿಕೊಂಡು ತಾನೂ ಬಸ್ಸು ಹತ್ತಿದ. ಕ್ಯಾಂಪಿನಲ್ಲೊಂದು ಸಣ್ಣ ಅಂಗಡಿ, ನಡುಮಧ್ಯಾಹ್ನ. ಸೂಜಿ ಇಟ್ಟ ಕೂಡಲೆ ಯಾವುದೋ ಹುಡುಗಿ ಹಾಡತೊಡಗಿದಳು. ಹಗುರ, ಚುರುಕು, ಸಾಲು ಮುಗಿಸುವಷ್ಟರಲ್ಲಿ ನಗು ಉಕ್ಕಿಬರುವವಳ ಹಾಗೆ.

"ಭಾಳ ಜೋರ್ ಓಡಾಕತ್ತೈತ್ರಿ ಇದು" ಎಂದೆ.

ಅಂಗಡಿಯವನು ಬಗ್ಗಿ ನೋಡಿದ. "ಬರೋಬರಿ ಐತ್ರಿ. ನಿಮ್ಮೂರಾಗ ಸಂಜಿ ಮುಂದ ವೋಲ್ಟೇಜ್ ಬೀಳತೈತೇನು?"

ಬೀಳದೆ ಏನು! ಖಾನಾಪುರದ ಸಂಜೆಯ ಬಲ್ಬುಗಳು ಆರುತ್ತಿರುವ ಕೆಂಡದ ಹಾಗೆ ಕೆಂಪಗಿರುತ್ತಿದ್ದವು. ಬೆಳಕಿನ ಜೊತೆಗೇ ಪ್ಲೇಯರಿನ ಮೋಟರೂ ಸೊರಗಿ ರೆಕಾರ್ಡು ನಿಧಾನವಾಗಿ ತಿರುಗುತ್ತಿತ್ತು. ಯಾರ ಕೆಮ್ಮು ಯಾರದೆಂದು ಗುರುತು ಹಿಡಿಯುವ ನನ್ನ ಕಿವಿಗೆ ಕರೆಂಟೇ ಲೂಸಿ ಅಕ್ಕನ ನಕಲು ಮಾಡಿ ತೋರಿಸಿತ್ತು.

"ಮಾಮಾ, ಅಕ್ಕ ಅತ್ತೇ ಇಲ್ಲ! ಖುಷಿಲೇ ಹಾಡ್ಯಾಳ!" ಎಂದು ಕುಣಿದೆ.

ಮಾಮಾನ ಮುಖ ಅರಳಿತು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿದ. ಆಮೇಲೆ ಬೆರಳು ನಿಂತಿತು.

"ಹಂಗಾರ... ಆಕಿ ನನ್ನ ನೆನಸೇ ಇಲ್ಲೇನೋ?"

ಟೇಪಿಗೆ ಇಳಿಸಿ ಮುಗಿದದ್ದೇ ಮಾಮಾ ರೆಕಾರ್ಡನ್ನು ಎದೆಗವಚಿಕೊಂಡು ಬಸ್ಸಿನ ಕಡೆ ನಡೆದ, ಟೇಪು ನನ್ನ ಕೈಯಲ್ಲೇ ಉಳಿಯಿತು.

ಮುಂದಿನ ಸಲ ಊರಿಗೆ ಹೋದಾಗ ನಸುಕಿನಲ್ಲೇ ಬೇಕರಿಯಿಂದ ಹಾಡು ಕೇಳಿಸಿತು. ಊರಿನ್ನೂ ಮಲಗಿರುವ ಹೊತ್ತು, ಕರೆಂಟು ತುಂಬಿಕೊಂಡಿರುತ್ತದೆ. ಲೂಸಿ ಅಕ್ಕ ನಗುನಗುತ್ತ ಹಾಡುತ್ತಿದ್ದಳು, ಮಾಮಾ ಹಿಟ್ಟು ನಾದುತ್ತಿದ್ದ. ಸಂಜೆ ನೋಡಿದರೆ ಮತ್ತೆ ಕೆಂಪು ಬಲ್ಬು, ಮತ್ತೆ ಆ ಭಾರದ ದನಿ.

"ಈಗ ಗೊತ್ತಾಗೇತಲ್ಲಾ ಮಾಮಾ, ಮತ್ಯಾಕ ಇದು?"

"ಮುಂಜಾನೀದು ಆಕೀದು" ಎಂದ. "ಸಂಜೀದು ನಂದು. ಇರ್ಲಿ ಬಿಡು."

ಮಾಮಾ ಈಗಿಲ್ಲ, ಬೇಕರಿಯೂ ಇಲ್ಲ. ಕ್ಯಾಂಪಿನಲ್ಲಿ ಇಳಿಸಿದ ಟೇಪು ಮಾತ್ರ ನನ್ನ ಟ್ರಂಕಿನಲ್ಲಿದೆ. ನಿನ್ನೆ ಮದುವೆ ಹಾಡನ್ನು ತೆಗೆದು, ಆ ಇಳಿದ ಸೆಲ್ಲಿನ ಮೇಲೆಯೇ ಅದನ್ನು ಹಾಕಿದೆ. ಮಾರುತಿ ಎದ್ದು ಕುಳಿತ.

"ಯಾರಲೇ ಇಕಿ, ಇಷ್ಟ್ಯಾಕ ಅಳಾಕತ್ತಾಳ?"

"ಅಳಾಕತ್ತಿಲ್ಲೋ" ಎಂದೆ. "ಅವರಪ್ಪನ ಮುಂದ ಹಾಡಾಕತ್ತಾಳ. ಸೆಲ್ ಮುಂಜಾನೆ ತರೂಣು."