ಹೆಸರು ಕೆರೆದುಹೋದ ಗಿಟಾರು

ಸತ್ತವರು ಬಂದರು, ಮಾತಾಡಿದರು ಎನ್ನುವ ಕಥೆಗಳು ಶುರುವಾದ ಕಡೆ ನಾನು ಹೆಚ್ಚು ಹೊತ್ತು ಕೂತವನಲ್ಲ. ಹಬ್ಬಕ್ಕೆಂದು ಫ್ರಾಂಕ್‌ಫರ್ಟಿನ ಕನ್ನಡದವರು ಸೇರಿದಾಗ, ಊಟ ಮುಗಿದ ಮೇಲೆ ಯಾರಾದರೂ ಅಂಥ ಮಾತು ತೆಗೆದರೆ ತಟ್ಟೆ ತೊಳೆಯುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗಲೂ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿದೆ ಎಂದು ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನನಗಾದದ್ದನ್ನು ಆದ ಹಾಗೇ ಹೇಳಿಬಿಡುತ್ತೇನೆ. ನಗುವವರು ನಗಲಿ.

ನನ್ನ ಹೆಂಡತಿ ಮಾಲಿನಿಗೆ ಹಳೆಯ ಅಮೆರಿಕನ್ ಗಿಟಾರುಗಳ ಹುಚ್ಚು. ನುಡಿಸುವುದಕ್ಕಿಂತ, ಅವು ಎಲ್ಲಿ ತಯಾರಾದವು, ಯಾರ ಕೈಯಲ್ಲಿ ತಯಾರಾದವು ಎಂದು ಪತ್ತೆ ಹಚ್ಚುವ ಹುಚ್ಚು. ಮೈಸೂರಿನಲ್ಲಿ ವೀಣೆ ಕಲಿತವಳು. ನನ್ನ ಕೆಲಸಕ್ಕಾಗಿ ಫ್ರಾಂಕ್‌ಫರ್ಟಿನ ಪಕ್ಕದ ಎಷ್‌ಬಾರ್ನಿಗೆ ಬಂದ ಮೇಲೆ ಇದು ಅಂಟಿಕೊಂಡಿತು. ಅಮೆರಿಕದ ಸೈನಿಕರು ಬಿಟ್ಟುಹೋದ ಗಿಟಾರುಗಳು ಜರ್ಮನಿಯಲ್ಲಿ ಇನ್ನೂ ಅಲ್ಲಲ್ಲಿ ಸಿಗುತ್ತವೆ. ಒಂದು ಶನಿವಾರ ಮೈನ್ ನದಿಯ ದಡದಲ್ಲಿ ಹಳೇ ಸಾಮಾನು ಮಾರುವ ಫ್ಲೋಮಾರ್ಕ್ಟಿನಲ್ಲಿ ಅವಳು ಒಂದನ್ನು ಎತ್ತಿಕೊಂಡಳು. ಗಿಟಾರಿನ ತಲೆಯ ಮೇಲಿದ್ದ ಕಂಪನಿಯ ಹೆಸರನ್ನು ಯಾರೋ ಚಾಕುವಿನಿಂದ ಕೆರೆದುಹಾಕಿದ್ದರು.

"ಹೆಸರೇ ಇಲ್ವಲ್ಲ, ಇದನ್ಯಾಕೆ ತಗೋತೀಯ?" ಎಂದೆ.

"ಹೆಸರಿದ್ರೂ ಏನೂ ಗೊತ್ತಾಗ್ತಿರ್ಲಿಲ್ಲ ಕಣ್ರೀ. ಆವಾಗ ಒಂದೇ ಫ್ಯಾಕ್ಟರಿ ಬೇರೆ ಬೇರೆ ಅಂಗಡಿಗಳ ಹೆಸರು ಹಾಕಿ ಗಿಟಾರ್ ಕಳಿಸ್ತಿತ್ತು. ಒಳಗೆ ನೋಡ್ಬೇಕು. ಇದಕ್ಕೂ ಒಂದು ತವರು ಅಂತ ಇರುತ್ತಲ್ವಾ?"

ಅಂದಿನಿಂದ ಊಟದ ಮೇಜಿನ ಮೇಲೆ ಅದರದೇ ಸಂಸಾರ. ಹಲ್ಲಿನ ಡಾಕ್ಟರು ಬಳಸುವಂಥ ಪುಟ್ಟ ಕನ್ನಡಿ, ಟಾರ್ಚು. ಗಿಟಾರಿನ ಪಕ್ಕದ ಹಲಗೆಗಳು ಸೀಳದಿರಲಿ ಎಂದು ಒಳಗಡೆ ಬಟ್ಟೆಯ ಪಟ್ಟಿಗಳನ್ನು ಅಂಟಿಸಿರುತ್ತಾರಂತೆ. ಇದರಲ್ಲಿ ಎಲ್ಲವೂ ಬಿಳಿ, ಒಂದು ಮಾತ್ರ ನೀಲಿ ಚೌಕಳಿಯ ಬಟ್ಟೆ. ಅದು ಯಾಕೆಂದು ಅವಳಿಗೆ ತಿಳಿಯಲಿಲ್ಲ. ತಲೆಯ ಆಕಾರ, ಒಳಗಿನ ಮರದ ಮೇಲಿನ ಮಸುಕಾದ ಮುದ್ರೆ ನೋಡಿ ಇದು ಮಿಷಿಗನ್ನಿನದು ಎಂದು ನಿರ್ಧರಿಸಿದಳು. ಗಿಟಾರು ಸಂಗ್ರಹಿಸುವವರ ಒಂದು ಗುಂಪಿನಲ್ಲಿ ಯಾರೋ ಡಾರತಿ ಎಂಬ ಅಜ್ಜಿಯ ವಿಷಯ ಹೇಳಿದರು. ಹುಡುಗಿಯಾಗಿದ್ದಾಗ ಮಿಷಿಗನ್ನಿನ ಗಿಟಾರು ಕಾರ್ಖಾನೆಯಲ್ಲಿ ಅಂಟು ಹಚ್ಚುತ್ತಿದ್ದವರು, ಸೈನಿಕನೊಬ್ಬನನ್ನು ಮದುವೆಯಾಗಿ ಜರ್ಮನಿಗೆ ಬಂದವರು, ಗಂಡ ತೀರಿಕೊಂಡ ಮೇಲೆ ಈಗ ಕೈಸರ್ಸ್‌ಲೌಟರ್ನಿನ ವೃದ್ಧಾಶ್ರಮದಲ್ಲಿದ್ದಾರೆ ಎಂದು. ಮಾಲಿನಿ ಅವರಿಗೆ ಫೋನ್ ಮಾಡಿದಳು. ಶರತ್ಕಾಲದ ರಜೆಯಲ್ಲಿ ಗಿಟಾರು ತರುತ್ತೇನೆ ಎಂದು ಮಾತು ಕೊಟ್ಟಳು.

ಸೆಪ್ಟೆಂಬರಿನಲ್ಲಿ ಅವಳು ಎಸ್-ಬಾನ್ ರೈಲಿಗೆ ಕಾಯುತ್ತ ನಿಂತಲ್ಲೇ ಕುಸಿದಳು. ಮಿದುಳಿನಲ್ಲಿ ರಕ್ತಸ್ರಾವ. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಕಾರ್ಯಗಳು ಮುಗಿದು, ಆಖೆನ್‌ನಲ್ಲಿ ಓದುತ್ತಿದ್ದ ಮಗಳು ಅನನ್ಯಾ ವಾಪಸ್ಸು ಹೋದ ಮೇಲೆ ನಾನೊಬ್ಬನೇ ಉಳಿದೆ. ಮಂಚದ ಮೇಲೆ ಮಲಗಲಾಗಲಿಲ್ಲ. ಮಾಲಿನಿಯ ದಿಂಬಿನ ಕಡೆ ತಿರುಗಿದರೂ ಕಷ್ಟ, ಬೆನ್ನು ಹಾಕಿದರೂ ಕಷ್ಟ. ಹಾಲಿನ ಸೋಫಾದ ಮೇಲೆ, ದೀಪ ಆರಿಸದೆ, ಕಾಲು ಮಡಚಿಕೊಂಡು ಬಿದ್ದಿರುತ್ತಿದ್ದೆ. ಇದನ್ನು ಯಾರಿಗೂ ಹೇಳಿರಲಿಲ್ಲ, ಅನನ್ಯಾಳಿಗೂ. ಅವಳು ಮನೆಗೆ ಬರುವ ದಿನ ಹೊದಿಕೆಯನ್ನು ಒಳಗೆ ಹಾಕಿಬಿಡುತ್ತಿದ್ದೆ.

ಮಾರ್ಚಿನಲ್ಲಿ, ಮಾಲಿನಿ ಕೊಟ್ಟ ಮಾತನ್ನಾದರೂ ನಡೆಸೋಣವೆಂದು ಗಿಟಾರು ಹೊತ್ತು ಕೈಸರ್ಸ್‌ಲೌಟರ್ನಿಗೆ ಹೋದೆ. ಮೊದಲೇ ಫೋನ್ ಮಾಡಿ, ಮಾಲಿನಿಯ ಗಂಡ ಬರುತ್ತಿದ್ದೇನೆ ಎಂದಷ್ಟೇ ತಿಳಿಸಿದ್ದೆ. ಉಳಿದದ್ದನ್ನು ಹೇಳಲು ಬಾಯಿ ಬಂದಿರಲಿಲ್ಲ.

ಡಾರತಿ ಅಜ್ಜಿ ಕಿಟಕಿಯ ಪಕ್ಕ ಕೂತಿದ್ದರು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಹಿಡಿದ ಕನ್ನಡಿಯಲ್ಲಿ ಒಳಗೆ ನೋಡಿದರು. ನೀಲಿ ಪಟ್ಟಿ ಕಂಡದ್ದೇ ಕನ್ನಡಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದು ನನ್ನ ಏಪ್ರನ್ನು," ಎಂದರು ಇಂಗ್ಲಿಷಿನಲ್ಲಿ. "ಒಂದು ದಿನ ಬಿಳಿ ಪಟ್ಟಿ ಮುಗಿದುಹೋಗಿತ್ತು. ಅಂಟು ಒಣಗಿಬಿಡುತ್ತೆ ಅಂತ ಏಪ್ರನ್ನಿನ ಅಂಚು ಕತ್ತರಿಸಿ ಹಚ್ಚಿಬಿಟ್ಟೆ. ಯಾರೂ ನೋಡಲ್ಲ ಅಂದ್ಕೊಂಡಿದ್ದೆ."

ಮಾಲಿನಿ ಹುಡುಕಿದ್ದು ಸಿಕ್ಕಿತ್ತು. ಕೇಳಲು ಅವಳಿರಲಿಲ್ಲ. ನಾನು ಮುಖ ಆ ಕಡೆ ತಿರುಗಿಸಿದೆ.

"ಈ ಸಲ ಅವಳು ಯಾಕೆ ಬರಲಿಲ್ಲ?" ಎಂದರು ಅಜ್ಜಿ.

"ಈ ಸಲ ಅಂದರೆ?"

"ಕ್ರಿಸ್‌ಮಸ್ ಹತ್ತಿರ ಬಂದಿದ್ದಳಲ್ಲ. ನೀನು ಕೂತಿರೋ ಕುರ್ಚೀಲೇ ಕೂತಿದ್ದಳು. ಕಾಫಿ ಕೊಟ್ಟರೆ ಮುಟ್ಟಲಿಲ್ಲ. ಗಿಟಾರ್ ಎಲ್ಲಿ ಅಂತ ಕೇಳಿದೆ, ಅವರು ತರ್ತಾರೆ ಅಂದಳು." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಬೆನ್ನು ಹೇಗಿದೆ? ಸೋಫಾ ಮೇಲೆ ಮಲಗ್ತಾರೆ, ಕಾಲು ಚಾಚೋಕೂ ಆಗಲ್ಲ ಅಂತ ತುಂಬ ಪೇಚಾಡಿದಳು," ಎಂದರು.

ಕೈಯಲ್ಲಿದ್ದ ಕನ್ನಡಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟೆ. ತುಸು ಸುಧಾರಿಸಿಕೊಂಡು, ಮಾಲಿನಿ ಸೆಪ್ಟೆಂಬರಿನಲ್ಲೇ ತೀರಿಕೊಂಡಳು ಎಂದೆ. ಅಜ್ಜಿ ನನ್ನ ಕೈ ಹಿಡಿದುಕೊಂಡು, "ಹಾಗಿದ್ರೆ ನನಗೇ ಏನೋ ತಪ್ಪಾಗಿದೆ. ವಯಸ್ಸಾಯ್ತು. ನನ್ನ ಮಾತು ಮನಸ್ಸಿಗೆ ಹಚ್ಕೋಬೇಡ," ಎಂದರು. ಆ ಮಾತನ್ನು ನನಗೆ ಸಮಾಧಾನವಾಗಲಿ ಎಂದೇ ಹೇಳಿದರೇನೋ. ಅವರ ಕಣ್ಣು ಮಾತ್ರ ನಾನು ಕೂತಿದ್ದ ಕುರ್ಚಿಯ ಮೇಲೇ ಇತ್ತು.

ಹೊರಡುವಾಗ ಅವರು ಗಿಟಾರಿನ ಮೇಲಿಂದ ಕೈ ತೆಗೆಯಲಿಲ್ಲ. ಅಲ್ಲೇ ಬಿಟ್ಟು ಬಂದೆ. ಬಾಗಿಲಲ್ಲಿ ನರ್ಸನ್ನು ವಿಚಾರಿಸಿದೆ. ಚಳಿಗಾಲದಲ್ಲಿ ಭಾರತದ ಹೆಂಗಸು ಯಾರೂ ಬಂದ ನೆನಪಿಲ್ಲ, ಆದರೆ ಬಂದವರನ್ನೆಲ್ಲ ನಾನೇ ನೋಡುವುದಿಲ್ಲ ಎಂದಳು.

ಅನನ್ಯಾಳಿಗೆ ಫೋನಿನಲ್ಲಿ ಹೇಳಿದೆ. ಅವಳು ಅತ್ತಳು. ಆಮೇಲೆ, "ಅಪ್ಪಾ, ತ್ಸೂಫಾಲ್ ಅಷ್ಟೆ, ಕೋಇನ್ಸಿಡೆನ್ಸ್. ಆ ಅಜ್ಜೀನೂ ವಿಡೋ ತಾನೇ? ಅವರೂ ಸೋಫಾ ಮೇಲೇ ಮಲಗಿರ್ತಾರೆ," ಎಂದಳು. ಇರಬಹುದು. ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತೇನೆ. ಅಂದು ರಾತ್ರಿ ಮಂಚದ ಮೇಲೆ ಮಲಗಿದೆ, ಮಾಲಿನಿಯ ಜಾಗ ಅವಳಿಗೇ ಬಿಟ್ಟು. ಏನೂ ಆಗಲಿಲ್ಲ. ಬೆಳಗಾಯಿತು.

ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಸುಳ್ಳಾದರೆ ಹೇಗೋ ತಡೆದುಕೊಳ್ಳಬಲ್ಲೆ. ನಿಜವಾಗಿದ್ದರೆ ಏನು ಮಾಡಲಿ? ಮುಖವನ್ನೇ ಕಂಡಿರದ ಒಬ್ಬ ಅಜ್ಜಿಯ ಕೋಣೆಯವರೆಗೂ ಹೋಗಿ ಕುರ್ಚಿ ಎಳೆದುಕೊಂಡು ಕೂತಳು, ನನ್ನ ಬೆನ್ನಿನ ಚಿಂತೆ ಹೇಳಿಕೊಂಡಳು. ನಾನು ಇಲ್ಲೇ ಇದ್ದೆನಲ್ಲ, ದೀಪ ಹಾಕಿಕೊಂಡು, ಎಚ್ಚರವಾಗಿ. ಬರುವುದೇ ಆಗಿದ್ದರೆ, ಮನೆಗೆ ಯಾಕೆ ಬರಲಿಲ್ಲ?